ಕಾನಿನ ಕಾವಲು ಯಾರದು?

ಹಳ್ಳಿಗರ ಕೈಗೆ ಕಾಡನ್ನು ಒಪ್ಪಿಸಿದರೆ ಮರುದಿನವೇ ಅದರ ಬುಡಕ್ಕೆ ಕೊಡಲಿ ಬೀಳುವದೆಂಬ ಮಾತು ಬಹುಕಾಲದಿಂದ ಅಧಿಕಾರಸ್ಥರ ಬಾಯಲ್ಲಿ ಮಂತ್ರದಂತೆ ನಡೆದು ಬಂದಿದೆ. ವಿದ್ಯಾವಂತರಲ್ಲಿಯೂ ಅನೇಕರು ಅದನ್ನು ಪರೀಕ್ಷಿಸದೆ ನಂಬಿರುವರು. ಆದರೆ ಸೊರಬ, ಸಿದ್ದಾಪುರ, ಶಿರಸಿ ಸೀಮೆಯ ಕಾನುಗಳೇ ಈ ಮಾತಿಗೆ ಎದುರು ಸಾಕ್ಷಿಯಾಗಿ ನಿಂತಿವೆ.

ಕಾನು ಎಂಬದು ಬರಿಯ ಅಡವಿಯಲ್ಲ. ಊರವರು ದೇವರ ಹೆಸರಿನಲ್ಲಿ ಕೊಡಲಿಯನ್ನು ದೂರವಿಟ್ಟು ತಲೆಮಾರುಗಳಿಂದ ಕಾಯ್ದುಕೊಂಡು ಬಂದ ನಿತ್ಯಹಸುರಿನ ವನ. ಮರಗಳಿಗೆ ಹಬ್ಬಿದ ಕಾಳುಮೆಣಸು, ಬೈನೆಯ ಮರ, ಬೇಸಗೆಯಲ್ಲಿಯೂ ತೋಟ-ಗದ್ದೆಗಳಿಗೆ ಹರಿಯುವ ಹಳ್ಳದ ನೀರು, ಇವೇ ಆ ಕಾವಲಿನ ಕೂಲಿ. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸೊರಬ ತಾಲೂಕೊಂದರಲ್ಲಿಯೇ 171 ಕಾನುಗಳನ್ನು ಎಣಿಸಿದರು. ಅವುಗಳ ವಿಸ್ತಾರವು 32,000 ಎಕರೆಗೂ ಮಿಕ್ಕಿದ್ದಿತು. ಮೈಸೂರಿನ ಅರಣ್ಯ ಇಲಾಖೆಯು ಹುಟ್ಟಿದ್ದು 1864ರಲ್ಲಿ. ನಾಲ್ಕು ವರ್ಷದ ಇಲಾಖೆಯು ಶತಮಾನಗಳ ಮರಗಳನ್ನು ಬೆಳೆಸಿತೆಂದು ಯಾರು ಹೇಳಬಲ್ಲರು?

ಸರಕಾರದ ಸ್ವತ್ತಾದ ಮೇಲೆ ಕಾನುಗಳ ಗತಿಯೇನಾಯಿತು? ಕೆಲವು ದಿಮ್ಮಿಗಾಗಿ ಉರುಳಿದವು. ಕೆಲವೆಡೆ ಅಕೇಶಿಯದ ನೆಡುತೋಪುಗಳೆದ್ದವು. ಕೆಲವು ಅತಿಕ್ರಮಣಕ್ಕೆ ತುತ್ತಾದವು. 1983ರಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯ ಜನರು ಮರಗಳನ್ನು ಅಪ್ಪಿ ನಿಂತದ್ದು ಇಲಾಖೆಯ ಒಪ್ಪಿಗೆಯಿಂದ ನಡೆದ ಕಡಿತವನ್ನು ತಡೆಯಲಿಕ್ಕೆ. ಕೊಡಲಿ ಯಾರದು, ಅಪ್ಪುಗೆ ಯಾರದು ಎಂಬದನ್ನು ಓದುಗರೇ ವಿಚಾರಿಸಲಿ. ಸಿದ್ದಾಪುರದ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಲ್ಲಿ ಶಾಸ್ತ್ರಕ್ಕೇ ಹೊಸದಾದ ಒಂದು ವೃಕ್ಷಜಾತಿಯನ್ನು ವಿಜ್ಞಾನಿಗಳು 2000ದಲ್ಲಿ ಗುರುತಿಸಿ, ಆ ಕಾನಿನ ಹೆಸರನ್ನೇ ಅದಕ್ಕಿಟ್ಟರು. ಇಂಥ ವನವನ್ನು ಕಡಿದು ಮತ್ತೆ ನೆಡುವೆವೆಂಬುವವರು ನೆಡುವದು ಸಸಿಯನ್ನೇ ಹೊರತು ಕಾನನ್ನಲ್ಲ.

ಊರ ಆಡಳಿತವು ಕಾಡನ್ನು ಉಳಿಸಬಲ್ಲದೆಂಬದಕ್ಕೆ ಕುಮಟೆಯ ಹಳಕಾರವು ಇನ್ನೊಂದು ನಿದರ್ಶನ. ಅಲ್ಲಿಯ ಗ್ರಾಮ ಅರಣ್ಯ ಪಂಚಾಯತಿಯು 1920ರ ದಶಕದ್ದು. 1979ರಲ್ಲಿ ಸರಕಾರವು ಇಂಥ ಪಂಚಾಯತಿಗಳನ್ನು ವಿಸರ್ಜಿಸಹೊರಟಾಗ ಊರವರು ನ್ಯಾಯಾಲಯದ ಮೆಟ್ಟಿಲೇರಿ ಅದನ್ನು ಉಳಿಸಿಕೊಂಡರು.

ಇಂದು ಕಾನೂನಿನ ಕೊರತೆಯಿಲ್ಲ. 2002ರ ಜೀವವೈವಿಧ್ಯ ಕಾಯಿದೆಯು ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ನಿರ್ವಹಣಾ ಸಮಿತಿಯನ್ನು ರಚಿಸಬೇಕೆಂದು ವಿಧಿಸಿದೆ. ಸ್ಥಳೀಯ ಸಂಸ್ಥೆಗಳೊಡನೆ ಸಮಾಲೋಚಿಸಿ ಪಾರಂಪರಿಕ ತಾಣಗಳನ್ನು ಘೋಷಿಸುವ ಮಾರ್ಗವನ್ನೂ ತೆರೆದಿದೆ. ದೇವನಹಳ್ಳಿ ತಾಲೂಕಿನ ನಲ್ಲೂರಿನ ಹುಣಸೆಯ ತೋಪು 2007ರಲ್ಲಿ ಆ ಮನ್ನಣೆಯನ್ನು ಪಡೆಯಿತು. 2006ರ ಅರಣ್ಯಹಕ್ಕು ಕಾಯಿದೆಯು ಗ್ರಾಮಸಭೆಗೆ ಕಾಡನ್ನೂ ಜಲಮೂಲಗಳನ್ನೂ ರಕ್ಷಿಸುವ ಅಧಿಕಾರವನ್ನಿತ್ತಿದೆ. ಆ ಅಧಿಕಾರದ ತೂಕವು ಒಡಿಶಾದ ನಿಯಮಗಿರಿಯಲ್ಲಿ ಗೊತ್ತಾಯಿತು: ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2013ರಲ್ಲಿ ಕೂಡಿದ 12 ಗ್ರಾಮಸಭೆಗಳೂ ಗಣಿಯನ್ನು ಬೇಡವೆಂದವು. ಆ ಮಾತು ರುಚಿಸದೆಯೋ ಏನೋ, ಕೇಂದ್ರದ 2022ರ ನಿಯಮಗಳು ಅರಣ್ಯಹಕ್ಕಿನ ಪಾಲನೆಯನ್ನು ಕೇಂದ್ರದ ಒಪ್ಪಿಗೆಯ ನಂತರಕ್ಕೆ ತಳ್ಳಿ, ಅದರ ಹೊಣೆಯನ್ನು ರಾಜ್ಯಗಳ ಮೇಲೆ ಹೊರಿಸಿದವು. ಮದುವೆಯಾದ ಮೇಲೆ ಹೆಣ್ಣಿನ ಇಷ್ಟವನ್ನು ಕೇಳುವಂತಾಯಿತು!

ಆದರೂ ದೋಷವೆಲ್ಲ ದಿಲ್ಲಿ-ಬೆಂಗಳೂರುಗಳದೆಂದು ಕೈತೊಳೆದುಕೊಳ್ಳುವದು ಸತ್ಯಕ್ಕೆ ದೂರ. ಹಸಿರು ನ್ಯಾಯಮಂಡಳಿಯು 2020ರ ಜನವರಿ ಅಂತ್ಯದ ಗಡುವನ್ನು ವಿಧಿಸಿ, ತಪ್ಪಿದ ರಾಜ್ಯಗಳಿಗೆ ತಿಂಗಳಿಗೆ 10 ಲಕ್ಷ ರೂಪಾಯಿ ದಂಡವೆಂದ ಮೇಲೆಯೇ ಎಷ್ಟೋ ಕಡೆ ಸಮಿತಿಗಳು ಕಾಗದದ ಮೇಲೆ ಮೂಡಿದವು. ರಸ್ತೆ-ಗಟಾರಗಳ ಬಿಲ್ಲಿಗೆ ಮೀಸಲಾದ ಹೊತ್ತಿನಲ್ಲಿ ಅರ್ಧ ಗಳಿಗೆಯಾದರೂ ಕಾನಿಗೆ ದೊರೆಯುವ ಪಂಚಾಯತಿಗಳು ಎಷ್ಟು? ಕೇಳದವರಿಗೆ ಹಕ್ಕು ದಕ್ಕದು.

ಆದುದರಿಂದ ಪ್ರತಿಯೊಂದು ಪಂಚಾಯತಿಯೂ ತನ್ನ ಎಲ್ಲೆಯೊಳಗಿನ ಕಾನನ್ನು ಅಳೆಯಿಸಲಿ. ಊರ ಹಿರಿಯರನ್ನು ಕೇಳಿ ಗಿಡಮರಗಳನ್ನೂ ಹಳ್ಳಗಳನ್ನೂ ದಾಖಲೆಯಲ್ಲಿ ಬರೆಯಿಸಲಿ. ಪಾರಂಪರಿಕ ತಾಣವೆಂದು ಘೋಷಿಸಬೇಕೆಂದು ಒತ್ತಾಯಿಸಲಿ. ಸರಕಾರವು ಹಳೆಯ ಕಾಡನ್ನು ಕುರಿತ ಯಾವ ನಿರ್ಣಯವನ್ನೂ ಗ್ರಾಮಸಭೆಯ ಸಮ್ಮತಿಯಿಲ್ಲದೆ ಕೈಗೊಳ್ಳದಿರಲಿ. ಹಿಂದೆ ದೇವರ ಭಯವು ಮಾಡಿದ ಕೆಲಸವನ್ನು ಇಂದು ಗ್ರಾಮಸಭೆಯ ಠರಾವು ಮಾಡಬೇಕಾಗಿದೆ.