ಪೇಸ್‌ಮೇಕರ್ ಇದ್ದವರಿಗೆ ಎಂಆರ್‌ಐ: ಮೊದಲು ಆ ಕಾರ್ಡ್ ಹುಡುಕಿ

ಎಂಆರ್‌ಐ ಅಂದ್ರೆ ಚನ್ನಗಿರಿ, ಜಗಳೂರಿನವರು ದಾವಣಗೆರೆ ಬಸ್ ಹತ್ತುತ್ತಾರೆ. ಹೊನ್ನಾಳಿ, ನ್ಯಾಮತಿಯವರಿಗೆ ಶಿವಮೊಗ್ಗವೂ ಹತ್ತಿರ. ಆದರೆ ಪೇಸ್‌ಮೇಕರ್ ಹಾಕಿದ್ದು ಎಷ್ಟೋ ಸಲ ಬೆಂಗಳೂರಿನ ಜಯದೇವದಲ್ಲೋ ಮಣಿಪಾಲದಲ್ಲೋ ಆಗಿರುತ್ತೆ. ಯಂತ್ರ ಎದೆಯೊಳಗೆ ಊರಿಗೆ ಬಂತು, ಅದರ ಮಾಹಿತಿ ಯಾವುದೋ ಫೈಲಿನಲ್ಲಿ ಉಳೀತು. ತಾಪತ್ರಯ ಶುರುವಾಗೋದು ಇಲ್ಲೇ.

ನ್ಯಾಮತಿಯ ನಮ್ಮ ದೊಡ್ಡಪ್ಪನಿಗೆ ಸೊಂಟದಿಂದ ಕಾಲಿಗೆ ಜೋಮು ಇಳಿದು, ಡಾಕ್ಟರು ಎಂಆರ್‌ಐ ಬರೆದುಕೊಟ್ಟರು. ಮನೆಯಲ್ಲಿ ಬಂದ ಮೊದಲ ಸಲಹೆ: "ಪೇಸ್‌ಮೇಕರ್ ಐತಿ ಅಂತ ಹೇಳ್ಬೇಡ್ರಿ, ಹೇಳಿದ್ರೆ ವಾಪಸ್ ಕಳಿಸ್ತಾರೆ." ಇದಕ್ಕಿಂತ ಅಪಾಯದ ಸಲಹೆ ಇನ್ನೊಂದಿಲ್ಲ.

ಯಾಕೆ ಅಂದ್ರೆ, 1.5 ಟೆಸ್ಲಾ ಯಂತ್ರದ ಆಯಸ್ಕಾಂತ ಭೂಮಿಯದಕ್ಕಿಂತ ಸುಮಾರು 30,000 ಪಟ್ಟು ಬಲದ್ದು. ಜೊತೆಗೆ ರೇಡಿಯೋ ಅಲೆಗಳು ಬೇರೆ. ಪೇಸ್‌ಮೇಕರ್‌ನ ತಂತಿ, ಅಂದ್ರೆ ಲೀಡ್, ಆಂಟೆನಾ ಥರ ವರ್ತಿಸಿ ಹೃದಯಕ್ಕೆ ತಾಗಿದ ತುದಿ ಬಿಸಿಯಾಗಬಹುದು. ಅಲ್ಲಿನ ವಿದ್ಯುತ್ ಗದ್ದಲವನ್ನೇ ಹೃದಯದ ಬಡಿತ ಅಂದುಕೊಂಡು ಪೇಸ್‌ಮೇಕರ್ ಸುಮ್ಮನಾಗಿಬಿಡಬಹುದು. ಪೂರ್ತಿ ಅದನ್ನೇ ನಂಬಿದ ಹೃದಯಕ್ಕೆ ಕೆಲವು ಸೆಕೆಂಡೇ ಸಾಕು.

ಹಾಗಂತ ಎಂಆರ್‌ಐ ಆಗೋದೇ ಇಲ್ಲ ಅನ್ನೋದು ಹಳೇ ಮಾತು. ಎಂಆರ್‌ಐಗೆ ಹೊಂದುವ ಪೇಸ್‌ಮೇಕರ್‌ಗೆ ಅಮೆರಿಕದಲ್ಲಿ 2011ರಲ್ಲೇ ಅನುಮತಿ ಸಿಕ್ಕಿದೆ. ಹಳೇ ಮಾದರಿಗಳ ಬಗ್ಗೆಯೂ 2017ರಲ್ಲಿ ಒಂದು ದೊಡ್ಡ ಅಧ್ಯಯನ ಬಂತು. ಎದೆ ಬಿಟ್ಟು ಬೇರೆ ಭಾಗಗಳ 1,000 ಸ್ಕ್ಯಾನ್, ಎಲ್ಲವೂ 1.5 ಟೆಸ್ಲಾದಲ್ಲಿ, ಎಲ್ಲರದ್ದೂ ಮೊದಲೇ ತಪಾಸಣೆ ಮಾಡಿ ಸೆಟ್ಟಿಂಗ್ ಬದಲಿಸಿ. ಒಂದು ಸಾವೂ ಆಗಲಿಲ್ಲ. ಬಚ್ಚಿಟ್ಟುಕೊಂಡು ಹೋದವರಿಗೆ ಈ ತಪಾಸಣೆ, ಸೆಟ್ಟಿಂಗ್ ಎರಡೂ ಸಿಗೋದಿಲ್ಲ.

ಅದಕ್ಕೇ ಕಾರ್ಡ್ ಬೇಕು. ಡಿಸ್ಚಾರ್ಜ್ ಆಗುವಾಗ ಕೊಡುವ ಪುಟ್ಟ ಕಾರ್ಡ್; ಬೀರುವಿನಲ್ಲೋ, ಎಲ್‌ಐಸಿ ಪೇಪರಿನ ನಡುವೆಯೋ ಇರುತ್ತೆ. ಕಂಪನಿ, ಮಾಡೆಲ್ ನಂಬರ್, ಹಾಕಿದ ದಿನ ಅದರಲ್ಲಿರುತ್ತೆ. ಇಲ್ಲೊಂದು ಸೂಕ್ಷ್ಮ: ಬ್ಯಾಟರಿ ಮುಗಿದಾಗ ಪೆಟ್ಟಿಗೆ ಮಾತ್ರ ಹೊಸದು ಹಾಕಿ, ಹಳೇ ಲೀಡನ್ನೇ ಮುಂದುವರಿಸೋದು ಮಾಮೂಲು. ಆಗ ಪೆಟ್ಟಿಗೆ ಎಂಆರ್‌ಐಗೆ ಓಕೆ, ಲೀಡ್ ಅಲ್ಲ. ಅಂದ್ರೆ ಒಟ್ಟಾರೆ ಓಕೆ ಅಲ್ಲ. ಕೆಲಸಕ್ಕೆ ಬಾರದ ಹಳೇ ತಂತಿ ಒಳಗೇ ಬಿಟ್ಟಿದ್ದರೂ ಡಾಕ್ಟರು ಇನ್ನೊಮ್ಮೆ ಯೋಚಿಸುತ್ತಾರೆ. ಹೊಸದಾಗಿ ಹಾಕಿಸಿದ್ದರೆ ಸಾಮಾನ್ಯವಾಗಿ 6 ವಾರ ಕಾಯಿಸುತ್ತಾರೆ. ದೊಡ್ಡಪ್ಪನದು ಎರಡನೇ ಪೆಟ್ಟಿಗೆ, ಹಾಗಾಗಿ ಎರಡೂ ಆಪರೇಷನ್ನಿನ ಕಾಗದ ಹುಡುಕಬೇಕಾಯ್ತು. ಮೊದಲನೆಯದು ಸಿಕ್ಕಿದ್ದು ದೊಡ್ಡಮ್ಮನ ಸೀರೆ ಪೆಟ್ಟಿಗೆಯಲ್ಲಿ!

ಇನ್ನೊಂದು ತಲೆನೋವು ಪ್ರೋಗ್ರಾಮರ್ ಯಂತ್ರದ್ದು. (ನಾನೂ ಪ್ರೋಗ್ರಾಮರೇ, ಆದ್ರೆ ಆ ಥರದ್ದಲ್ಲ.) ಒಂದು ಕಂಪನಿಯ ಯಂತ್ರ ಇನ್ನೊಂದರ ಪೇಸ್‌ಮೇಕರ್ ಜೊತೆ ಮಾತಾಡೋದಿಲ್ಲ. ಆ ಕಂಪನಿಯವರು ಬರುವ ದಿನ, ಹೃದ್ರೋಗ ತಜ್ಞರು ಸಿಗುವ ದಿನ, ಸ್ಕ್ಯಾನ್ ಖಾಲಿ ಇರುವ ದಿನ, ಮೂರೂ ಕೂಡಬೇಕು. ಜಗಳೂರಿನಿಂದ ಬೆಳಿಗ್ಗೆ ಬಸ್ ಹತ್ತಿ ಸೀದಾ ಹೋದರೆ ಆಗುವ ಕೆಲಸವಲ್ಲ. ಫೋನ್ ಮಾಡಿ ದಿನ ಗೊತ್ತುಮಾಡಿಕೊಂಡೇ ಹೊರಡಿ.

ಸ್ಕ್ಯಾನ್‌ಗೆ ಮುಂಚೆ ಪೇಸ್‌ಮೇಕರನ್ನು ಎಂಆರ್‌ಐ ಮೋಡ್‌ಗೆ ಹಾಕುತ್ತಾರೆ. ಹೊರಗಿನದ್ದೇನೂ ಕೇಳಿಸಿಕೊಳ್ಳದೆ ಅದು ಒಂದೇ ಲಯದಲ್ಲಿ ಬಡಿತ ಕೊಡುತ್ತಾ ಹೋಗುತ್ತೆ. ತಾನೇ ಸರಿಯಾಗಿ ಬಡಿಯುವ ಹೃದಯವಾದರೆ ಅಷ್ಟು ಹೊತ್ತು ಆಫ್ ಮಾಡೋದೂ ಉಂಟು. ಒಳಗಿರುವಷ್ಟು ಹೊತ್ತೂ ಇಸಿಜಿ, ಆಕ್ಸಿಜನ್ ನೋಡುತ್ತಿರುತ್ತಾರೆ. ಮುಗಿದ ಮೇಲೆ ಹಳೇ ಸೆಟ್ಟಿಂಗ್ ವಾಪಸ್ ಹಾಕಬೇಕು. ಬಟ್ಟೆ ಬದಲಿಸಿಕೊಂಡು ಹೊರಡುವ ಮುಂಚೆ, "ಸೆಟ್ಟಿಂಗ್ ವಾಪಸ್ ಹಾಕಿದ್ರಾ ಸರ್?" ಅಂತ ಬಾಯಿಬಿಟ್ಟು ಕೇಳಿ.