ಊರಿನ ಗ್ರಂಥಾಲಯ ನಮ್ಮದೂ ಹೌದು



ಯಲಬುರ್ಗಾ ತಾಲೂಕಿನ ಒಂದು ಹಳ್ಳಿಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂದು ದಿನ ಮಧ್ಯಾಹ್ನ ಬಿಸಿಲಿನಲ್ಲೇ ಬಸ್ಸಿಳಿದು ನಮ್ಮ ಮನೆಗೆ ಬಂದಳು. ಕೈಯಲ್ಲಿ ಪತ್ರಿಕೆಯಿಂದ ಕತ್ತರಿಸಿದ ಒಂದು ತುಂಡು ಕಾಗದವಿತ್ತು. ಅವಳ ಊರಿನ ಗ್ರಾಮ ಪಂಚಾಯತ್ ಗ್ರಂಥಾಲಯದ ಮೇಲ್ವಿಚಾರಕರ ಹುದ್ದೆ ಖಾಲಿಯಿತ್ತು. ಅರ್ಜಿ ಹಾಕಲು ನಾಲ್ಕೇ ದಿನ ಉಳಿದಿತ್ತು.

"ಆಪಾ, ನನ್ನ ಪಿಯುಸಿ ಆಗೇದ. ಕಂಪ್ಯೂಟರ್ ಕಲ್ತೀನಿ. ಊರೂ ನಮ್ಮದಾ. ಆದ್ರ ಇದೊಂದು ಇಲ್ಲ" ಎಂದು ಒಂದು ಸಾಲಿನ ಮೇಲೆ ಬೆರಳಿಟ್ಟಳು. ಗ್ರಂಥಾಲಯ ವಿಜ್ಞಾನದ ಸರ್ಟಿಫಿಕೇಟ್ ಕೋರ್ಸ್ ಆಗಿರಬೇಕು ಎಂದು ಅಲ್ಲಿತ್ತು. ಅಂಥ ಕೋರ್ಸ್ ಒಂದಿದೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಮದ್ರಸದಲ್ಲಿ ಕಲಿತು, ಮೇಲೆ ಬಿ.ಎ. ಮುಗಿಸಿ, ಇಷ್ಟು ವರ್ಷ ಪಾಠ ಹೇಳಿದ ನನಗೂ ಗೊತ್ತಿರಲಿಲ್ಲ. ನಾಲ್ಕು ದಿನದಲ್ಲಿ ಆಗುವ ಕೆಲಸವೇ ಅದು? ಹುಡುಗಿ ಚಹಾ ಕುಡಿದು ಹೋದಳು. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

"ನಿಮ್ಮೂರ ಗ್ರಂಥಾಲಯಕ್ಕೆ ಒಮ್ಮೆಯಾದರೂ ಹೋಗಿದ್ದೆಯಾ?" ಎಂದು ನಾನು ಕೇಳಿದಾಗ, "ಇಲ್ಲ ಆಪಾ. ಅಲ್ಲಿ ಗಂಡಸ್ರು ಪೇಪರ್ ಓದ್ಕೊಂತ ಕುಂತಿರ್ತಾರ" ಎಂದಿದ್ದಳು. ಈ ಮಾತನ್ನು ಎಷ್ಟು ಮನೆಗಳಲ್ಲಿ ಕೇಳಿಲ್ಲ! ಗಂಗಾವತಿಯ ಗದ್ದೆ ಸೀಮೆಯಲ್ಲೂ ಇದೇ ಮಾತು, ಕುಷ್ಟಗಿಯ ಒಣಭೂಮಿಯ ಹಳ್ಳಿಯಲ್ಲೂ ಇದೇ ಮಾತು. ಗ್ರಂಥಾಲಯದ ಹೊಸ್ತಿಲು ತುಳಿಯದ ಹುಡುಗಿಗೆ ಅಲ್ಲಿ ಯಾವ ಅವಕಾಶವಿದೆ, ಅದಕ್ಕೆ ಯಾವ ತರಬೇತಿ ಬೇಕು ಎಂಬ ಸುದ್ದಿ ತಲುಪುವುದಾದರೂ ಹೇಗೆ? ಅದಕ್ಕಾಗಿಯೇ ಈ ತಿಂಗಳ ಅಂಕಣವನ್ನು ಈ ವಿಷಯಕ್ಕೆ ಮೀಸಲಿಟ್ಟಿದ್ದೇನೆ.

ಮೊದಲು ಒಂದು ಕೆಲಸ ಮಾಡಿ. ನಿಮ್ಮ ಮನೆ ತೆರಿಗೆಯ ರಸೀದಿಯನ್ನು ತೆಗೆದು ನೋಡಿ. ತೆರಿಗೆಯ ಜೊತೆಗೆ ಆರೋಗ್ಯ, ಶಿಕ್ಷಣದ ಕರಗಳ ಹಾಗೆ ಗ್ರಂಥಾಲಯ ಕರವೂ ಇರುತ್ತದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಕಾಲದಿಂದಲೂ ಈ ಕರವಿದೆ. ಹೊಲಿಗೆ ಹಾಕಿ, ರೊಟ್ಟಿ ಮಾರಿ, ಕೂಲಿ ಮಾಡಿ ಕೂಡಿಸಿದ ಹಣದಲ್ಲಿ ನಾವೂ ಆ ಕಪಾಟಿನ ಪುಸ್ತಕಗಳಿಗೆ ದುಡ್ಡು ಕೊಟ್ಟಿದ್ದೇವೆ. ದುಡ್ಡು ಕೊಟ್ಟು ಪುಸ್ತಕ ಮುಟ್ಟದೆ ಉಳಿದವರು ನಾವು ಮಾತ್ರ.

ಹಳ್ಳಿಯ ಗ್ರಂಥಾಲಯ ಮೊದಲಿನ ಹಾಗಿಲ್ಲ ಎಂಬುದೂ ನಮಗೆ ತಿಳಿದಿರಬೇಕು. 2019ರಲ್ಲಿ ರಾಜ್ಯದ ಗ್ರಾಮ ಪಂಚಾಯತ್ ಗ್ರಂಥಾಲಯಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಇಂಥವು ರಾಜ್ಯದಲ್ಲಿ 5,500ಕ್ಕೂ ಹೆಚ್ಚು ಇವೆ. ಈಗ ಅವುಗಳಿಗೆ 'ಅರಿವು ಕೇಂದ್ರ' ಎಂಬ ಹೆಸರು. ಕೊರೊನಾದಿಂದ ಶಾಲೆಗಳು ಮುಚ್ಚಿದ್ದ 2020ರಲ್ಲಿ 'ಓದುವ ಬೆಳಕು' ಎಂಬ ಅಭಿಯಾನ ಶುರುವಾಗಿ, 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಲಾಯಿತು. ನಿಮ್ಮ ಮಗಳ ಹೆಸರು ಆ ರಿಜಿಸ್ಟರಿನಲ್ಲಿ ಇದೆಯೇ? ಇಲ್ಲದಿದ್ದರೆ ಒಂದು ಸಂಜೆ ಹೋಗಿ ಬರೆಸಿ ಬನ್ನಿ. ಪಟ್ಟಣದಲ್ಲಿರುವವರ ವಿಚಾರ ಬೇರೆ. ಕೊಪ್ಪಳದ ಜಿಲ್ಲಾ ಕೇಂದ್ರ ಗ್ರಂಥಾಲಯ ಇಂದಿಗೂ ಗ್ರಂಥಾಲಯ ಇಲಾಖೆಯದೇ. ಹಳ್ಳಿಯವರು ವಿಚಾರಿಸಬೇಕಾದದ್ದು ಪಂಚಾಯತಿಯ ಪಿಡಿಒ ಅವರಲ್ಲಿ.

ಇನ್ನು ಆಗಸ್ಟ್‌ನಿಂದ ನವೆಂಬರ್‌ವರೆಗೆ ಬರುವ ದಿನಗಳನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಳ್ಳಿ.

ಆಗಸ್ಟ್ 12 ಗ್ರಂಥಪಾಲಕರ ದಿನ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಅವರ ಜನ್ಮದಿನದ ನೆನಪಿಗೆ ಇದನ್ನು ಆಚರಿಸುತ್ತಾರೆ. 1892ರಲ್ಲಿ ತಮಿಳುನಾಡಿನಲ್ಲಿ ಹುಟ್ಟಿ, ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು 1972ರಲ್ಲಿ ತೀರಿಕೊಂಡ ಅವರು 1931ರಲ್ಲಿ ಗ್ರಂಥಾಲಯಕ್ಕೆ ಐದು ನಿಯಮಗಳನ್ನು ಹೇಳಿದರು. ಪುಸ್ತಕ ಇರುವುದು ಬಳಸಲಿಕ್ಕೆ, ಪ್ರತಿಯೊಬ್ಬ ಓದುಗರಿಗೂ ಅವರಿಗೆ ಬೇಕಾದ ಪುಸ್ತಕ ಸಿಗಬೇಕು ಎಂಬುದು ಅವುಗಳ ಸಾರ. ಬೀಗ ಹಾಕಿದ ಕಪಾಟು ಗ್ರಂಥಾಲಯವಲ್ಲ ಎಂದಾಯಿತು. ಆ ದಿನ ನಾಲ್ಕು ಮಂದಿ ಹೆಣ್ಣುಮಕ್ಕಳು ಒಟ್ಟಾಗಿ ಹೋಗಿ ಮೇಲ್ವಿಚಾರಕರಿಗೆ ಸಲಾಮ್, ನಮಸ್ಕಾರ ಹೇಳಿ ಪರಿಚಯ ಮಾಡಿಕೊಂಡು ಬಂದರೂ ಸಾಕು.

ಸೆಪ್ಟೆಂಬರ್ 8 ಸಾಕ್ಷರತಾ ದಿನ. 1967ರಿಂದ ಜಗತ್ತಿನಾದ್ಯಂತ ನಡೆಯುತ್ತಿದೆ. ಮನೆಯಲ್ಲಿ ಹೆಬ್ಬೆಟ್ಟು ಒತ್ತುವ ಅಮ್ಮಿ, ದಾದಿ ಇದ್ದರೆ ಅಂದು ಅವರ ಕೈಗೆ ಸ್ಲೇಟು ಕೊಡಿ.

ನವೆಂಬರ್ 14ರಿಂದ 20ರವರೆಗೆ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ. 1968ರಿಂದ ಈ ವಾರವನ್ನು ಆಚರಿಸುತ್ತಾ ಬಂದಿದ್ದಾರೆ. ಪುಸ್ತಕ ಪ್ರದರ್ಶನ, ಕಥೆ ಹೇಳುವುದು, ಮಕ್ಕಳ ಸ್ಪರ್ಧೆಗಳನ್ನು ಇಟ್ಟುಕೊಳ್ಳಲು ಇದೇ ಸರಿಯಾದ ಸಮಯ. ಅಕ್ಟೋಬರಿನಲ್ಲೇ ಹೋಗಿ "ನಿಮ್ಮಲ್ಲಿ ಏನೇನು ಇಟ್ಟುಕೊಂಡಿದ್ದೀರಿ, ನಾವೇನು ಮಾಡಬಹುದು?" ಎಂದು ಕೇಳಿ. ನಮ್ಮ ಮನೆಗಳಲ್ಲಿ ಚೆನ್ನಾಗಿ ಕಥೆ ಹೇಳುವ ನಾನಿಯರಿಗೆ ಬರವಿಲ್ಲ. ಒಂದು ಸಂಜೆ ಅವರನ್ನೇ ಕರೆದುಕೊಂಡು ಹೋಗಿ ಕೂರಿಸಿ.

ಇದೇ ಹೊತ್ತಿಗೆ ಪಂಚಾಯತಿಗಳಲ್ಲಿ ಮಕ್ಕಳ ಗ್ರಾಮಸಭೆಯೂ ನಡೆಯುತ್ತದೆ. ನಮ್ಮ ರಾಜ್ಯದಲ್ಲಿ 2006ರಿಂದ ಈ ಪದ್ಧತಿಯಿದೆ. "ಗ್ರಂಥಾಲಯದಲ್ಲಿ ಹುಡುಗಿಯರಿಗೆ ಕೂರಲು ಜಾಗ ಬೇಕು, ಶೌಚಾಲಯ ಬೇಕು, ಮಹಿಳೆಯರಿಗಾಗಿ ಒಂದು ಗಂಟೆ ಮೀಸಲಿಡಿ, ನಾಲ್ಕು ಉರ್ದು ಪುಸ್ತಕಗಳೂ ಇರಲಿ" ಎಂದು ಅಲ್ಲಿ ನಮ್ಮ ಮಕ್ಕಳು ಎದ್ದು ನಿಂತು ಕೇಳಲಿ. ದೊಡ್ಡವರು ಇದನ್ನೇ ಮಹಿಳಾ ಗ್ರಾಮಸಭೆಯಲ್ಲಿ ಕೇಳಲಿ. ಪಂಚಾಯತಿಯ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿರುವಾಗ ಕೇಳಿಸಿಕೊಳ್ಳುವವರಲ್ಲೂ ಹೆಣ್ಣುಮಕ್ಕಳೇ ಇರುತ್ತಾರೆ.

ಈಗ ತರಬೇತಿಯ ವಿಷಯಕ್ಕೆ ಬರೋಣ. ಇದು ಎರಡು ಬಗೆ.

ಒಂದು, ಈಗಾಗಲೇ ಕೆಲಸದಲ್ಲಿರುವವರಿಗೆ ಕೊಡುವ ತರಬೇತಿ. ಪಂಚಾಯತ್ ರಾಜ್ ವ್ಯವಸ್ಥೆಯ ತರಬೇತಿಗಳನ್ನು ನಡೆಸುವ ರಾಜ್ಯ ಸಂಸ್ಥೆ ಮೈಸೂರಿನಲ್ಲಿದೆ. ಅದಕ್ಕೆ ಅಬ್ದುಲ್ ನಝೀರ್ ಸಾಬ್ ಅವರ ಹೆಸರಿಟ್ಟಿದ್ದಾರೆ. ಗುಂಡ್ಲುಪೇಟೆಯ ನಝೀರ್ ಸಾಬರು 80ರ ದಶಕದಲ್ಲಿ ಮಂತ್ರಿಯಾಗಿದ್ದಾಗ ಹಳ್ಳಿ ಹಳ್ಳಿಗೂ ಕೊಳವೆಬಾವಿ ಹಾಕಿಸಿ ಜನರ ಬಾಯಲ್ಲಿ 'ನೀರ್ ಸಾಬ್' ಆದವರು. ಮಹಿಳೆಯರಿಗೆ ಶೇ. 25ರಷ್ಟು ಸ್ಥಾನ ಮೀಸಲಿಟ್ಟ 1983ರ ಪಂಚಾಯತ್ ಕಾಯ್ದೆ ಅವರ ಕಾಲದ್ದೇ. 1988ರಲ್ಲಿ ಅವರು ತೀರಿಕೊಂಡರು. ನಿಮ್ಮೂರಿನ ಮೇಲ್ವಿಚಾರಕರು ಇಂಥ ಯಾವುದಾದರೂ ತರಬೇತಿಗೆ ಹೋಗಿ ಬಂದಿದ್ದರೆ ಏನು ಕಲಿತು ಬಂದರು, ಅದರಲ್ಲಿ ಮಹಿಳೆಯರಿಗೆ, ಮಕ್ಕಳಿಗೆ ಏನಿತ್ತು ಎಂದು ಸೌಜನ್ಯದಿಂದ ಕೇಳಿ. ಕೇಳುವವರಿದ್ದರೆ ಮಾಡುವವರಿಗೂ ಹುರುಪು ಬರುತ್ತದೆ.

ಎರಡನೆಯದು, ಆ ಕೆಲಸಕ್ಕೆ ಹೋಗಬಯಸುವವರು ಮೊದಲೇ ಪಡೆಯಬೇಕಾದ ಕಲಿಕೆ. ಇತ್ತೀಚಿನ ವರ್ಷಗಳಲ್ಲಿ ಮೇಲ್ವಿಚಾರಕರ ಹುದ್ದೆಗೆ ಹೊರಟ ಪ್ರಕಟಣೆಗಳಲ್ಲಿ ಪಿಯುಸಿ, ಗ್ರಂಥಾಲಯ ವಿಜ್ಞಾನದ ಸರ್ಟಿಫಿಕೇಟ್, ಕಂಪ್ಯೂಟರ್ ಕಲಿಕೆ ಇವನ್ನು ಕೇಳಿದ್ದಾರೆ. ಅದೇ ಪಂಚಾಯತ್ ವ್ಯಾಪ್ತಿಯವರಾಗಿರಬೇಕು ಎಂಬುದೂ ಇರುತ್ತದೆ. ಯೋಚಿಸಿ ನೋಡಿ, ಮಗಳನ್ನು ದೂರದ ಊರಿಗೆ ಕಳಿಸಲು ಹಿಂಜರಿಯುವ ತಂದೆತಾಯಿಗಳಿಗೆ ಇದಕ್ಕಿಂತ ಅನುಕೂಲದ ಕೆಲಸ ಯಾವುದಿದೆ? ಸಂಬಳ ದೊಡ್ಡದಲ್ಲದಿರಬಹುದು. ಆದರೆ ಕೆಲಸ ಮನೆಯ ಹತ್ತಿರದ್ದು, ಮರ್ಯಾದೆಯದ್ದು, ಊರಿನ ಮಕ್ಕಳಿಗೆಲ್ಲ ಉಪಕಾರವಾಗುವಂಥದ್ದು.

ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಪಿಯುಸಿ ಆದವರಿಗೆ ಆರು ತಿಂಗಳ ಗ್ರಂಥಾಲಯ ಸರ್ಟಿಫಿಕೇಟ್ ಕೋರ್ಸ್ ನಡೆಸುತ್ತಾ ಬಂದಿದ್ದಾರೆ. ಪದವಿ ಆದವರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಗ್ರಂಥಾಲಯ ವಿಜ್ಞಾನದ ಪದವಿಯಿದೆ. ಇವು ಮನೆಯಲ್ಲಿದ್ದೇ ಓದಬಹುದಾದ ದೂರಶಿಕ್ಷಣದ ದಾರಿಗಳು. ಆದರೆ ಒಂದು ಎಚ್ಚರಿಕೆ. ಯಾವ ಸಂಸ್ಥೆಗೇ ಆಗಲಿ ಹಣ ಕಟ್ಟುವ ಮೊದಲು, ಆ ವರ್ಷ ಕೋರ್ಸಿಗೆ ಪ್ರವೇಶ ಇದೆಯೇ, ಅವರ ಸರ್ಟಿಫಿಕೇಟ್ ಈ ಹುದ್ದೆಗೆ ನಡೆಯುತ್ತದೆಯೇ ಎಂದು ಜಿಲ್ಲಾ ಪಂಚಾಯತ್ ಕಚೇರಿಯಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ. ಹುದ್ದೆ ಖಾಲಿಯಾದ ಮೇಲೆ ಕೋರ್ಸ್ ಹುಡುಕಬಾರದು. ಕೋರ್ಸ್ ಮುಗಿಸಿಕೊಂಡು ಹುದ್ದೆಗೆ ಕಾಯಬೇಕು. ನನ್ನ ಶಿಷ್ಯೆ ಕಲಿಸಿದ ಪಾಠ ಇದು.

"ಹೆಣ್ಣುಮಕ್ಕಳಿಗೆ ಪುಸ್ತಕ ಕಾಯುವ ಕೆಲಸವೇ?" ಎಂದು ಯಾರಾದರೂ ಕೇಳಿದರೆ ಅವರಿಗೆ ಹಫ್ಸಾ(ರ) ಅವರ ಜೀವನವನ್ನು ನೆನಪಿಸಿ. ಪ್ರವಾದಿ(ಸ)ರ ಪತ್ನಿಯಾದ ಅವರಿಗೆ ಬರಹ ಕಲಿಸಿದವರು ಶಿಫಾ ಬಿಂತ್ ಅಬ್ದುಲ್ಲಾಹ್(ರ) ಎಂಬ ಮಹಿಳೆ. ಅಬೂಬಕರ್(ರ)ರ ಕಾಲದಲ್ಲಿ ಒಟ್ಟುಗೂಡಿಸಿದ ಕುರ್‌ಆನಿನ ಹಸ್ತಪ್ರತಿ ಅವರ ಬಳಿ, ಆಮೇಲೆ ಉಮರ್(ರ)ರ ಬಳಿ ಇದ್ದು, ಕೊನೆಗೆ ಬಂದು ಸೇರಿದ್ದು ಹಫ್ಸಾ(ರ)ರ ಕೈಗೆ. ಉಸ್ಮಾನ್(ರ)ರು ಪ್ರತಿಗಳನ್ನು ಮಾಡಿಸಲು ಹೊರಟಾಗ, ತಿರುಗಿ ಕೊಡುತ್ತೇನೆಂದು ಹೇಳಿ ಅವರಿಂದಲೇ ಆ ಹಾಳೆಗಳನ್ನು ತರಿಸಿಕೊಂಡರು. ಕೆಲಸ ಮುಗಿದ ಮೇಲೆ ಹಾಗೆಯೇ ಹಿಂತಿರುಗಿಸಿದರು. ಸಮುದಾಯದ ಅತ್ಯಂತ ದೊಡ್ಡ ಅಮಾನತ್ತನ್ನು ಜೋಪಾನ ಮಾಡಿದ್ದು ಒಬ್ಬ ಮಹಿಳೆ. ಎರವಲು ಪಡೆದುದನ್ನು ಮರಳಿ ಕೊಡುವ ಶಿಸ್ತನ್ನು ಖಲೀಫರೇ ತೋರಿಸಿಕೊಟ್ಟರು. ನಿಮ್ಮ ಮನೆಯಲ್ಲಿ ಗ್ರಂಥಾಲಯದ ಪುಸ್ತಕವೊಂದು ಅಲ್ಮೇರಾದಲ್ಲಿ ಉಳಿದುಬಿಟ್ಟಿದ್ದರೆ ನಾಳೆಯೇ ಕೊಟ್ಟು ಬನ್ನಿ.

ನಮ್ಮ ಈ ಕೊಪ್ಪಳ ಸಾವಿರ ವರ್ಷಗಳಿಗೂ ಹಿಂದೆ 'ಕವಿರಾಜಮಾರ್ಗ'ದಲ್ಲಿ ತಿರುಳ್ಗನ್ನಡದ ನಾಡುಗಳಲ್ಲಿ ಒಂದೆಂದು ಹೆಸರು ಪಡೆದ ಊರು. ಮುಂದೆ ನಿಜಾಮರ ಕಾಲದಲ್ಲಿ ನಮ್ಮ ಹಿರಿಯರು ಉರ್ದುವಿನಲ್ಲಿ ಓದಿ ಬರೆದರು. ಅವರ ಪುಸ್ತಕಗಳು ಈಗಲೂ ಕೆಲವು ಮನೆಗಳ ಟ್ರಂಕಿನಲ್ಲಿ ಗೆದ್ದಲು ತಿನ್ನುತ್ತಾ ಬಿದ್ದಿವೆ. ಎರಡೂ ಭಾಷೆಯ ಓದಿಗೆ ವಾರಸುದಾರರು ನಾವು. ಆ ವಾರಸು ನಮ್ಮ ಹೆಣ್ಣುಮಕ್ಕಳಿಗೂ ಸಲ್ಲಬೇಕು.

ಆ ಹುದ್ದೆ ನನ್ನ ಶಿಷ್ಯೆಗೆ ಸಿಗಲಿಲ್ಲ. ಆದರೆ ಅವಳು ಈಗ ಕೋರ್ಸಿನ ವಿಚಾರಣೆಯಲ್ಲಿದ್ದಾಳೆ. ವಾರಕ್ಕೆರಡು ದಿನ ತಂಗಿಯನ್ನು ಕರೆದುಕೊಂಡು ಗ್ರಂಥಾಲಯಕ್ಕೆ ಹೋಗುತ್ತಾಳೆ. "ನಾವು ಹೋಗಾಕ ಹತ್ತಿದ ಮ್ಯಾಲ ಇನ್ನೂ ಮೂರು ಮಂದಿ ಹುಡುಗ್ಯಾರು ಬರಾಕ ಹತ್ಯಾರ ಆಪಾ" ಎಂದು ಮೊನ್ನೆ ಫೋನಿನಲ್ಲಿ ಹೇಳಿದಳು.

ಓದು ಎಂಬ ಆಜ್ಞೆಯಿಂದ ಆರಂಭವಾದ ದೀನ್ ನಮ್ಮದು. ನಮ್ಮ ಹೆಣ್ಣುಮಕ್ಕಳ ಜ್ಞಾನವನ್ನು ಅಲ್ಲಾಹನು ಹೆಚ್ಚಿಸಲಿ, ಅವರ ದಾರಿಯನ್ನು ಸುಗಮಗೊಳಿಸಲಿ. ಆಮೀನ್.