ಏಜೆಂಟೇ ಮನೆಯವರಾದ್ರೆ?

ರೋಹಿತ್ ಶರ್ಮಾ ಮದುವೆಯಾಗಿದ್ದು ತನ್ನ ಮ್ಯಾನೇಜರ್ ಆಗಿದ್ದ ರಿತಿಕಾ ಸಜ್ದೇ ಅವರನ್ನ, 2015ರ ಡಿಸೆಂಬರ್‌ನಲ್ಲಿ. ಇಂಥ ಮದುವೆಯ ಸುದ್ದಿ ಬಂದಾಗಲೆಲ್ಲ "ಮ್ಯಾನೇಜ್ ಮಾಡೋಕೆ ಬಂದೋಳು ಪರ್ಮನೆಂಟಾಗಿ ಮ್ಯಾನೇಜ್ ಮಾಡ್ಬಿಟ್ಳು ಬಿಡಿ" ಅಂತ ಒಬ್ಬರಾದರೂ ಜೋಕ್ ಹೊಡೆದೇ ಹೊಡೀತಾರೆ. ಏಜೆಂಟ್ ಗಂಡಸಾಗಿದ್ದು ಆಟ ಆಡೋಳು ಹುಡುಗಿಯಾಗಿದ್ರೆ? ಆಗ ಜೋಕ್ ಇಲ್ಲ. "ಎಷ್ಟು ಚೆನ್ನಾಗಿ ನೋಡ್ಕೋತಾನೆ ನೋಡಿ" ಅಂತೀವಿ!

ನನ್ನ ತಕರಾರು ಇರೋದು ಇಲ್ಲೇ. ನಾವು ಅನುಮಾನ ಪಡಬಾರದ ಕಡೆ ಅನುಮಾನ ಪಡ್ತೀವಿ, ಪಡಬೇಕಾದ ಕಡೆ ಸುಮ್ಮನಿರ್ತೀವಿ.

ಇಂಥವರ ನಡುವೆ ಪ್ರೀತಿ ಹುಟ್ಟೋದರಲ್ಲಿ ಆಶ್ಚರ್ಯ ಏನೂ ಇಲ್ಲ. ವರ್ಷದ ಮುಕ್ಕಾಲು ಭಾಗ ಸೂಟ್‌ಕೇಸಲ್ಲೇ ಬದುಕೋ ಆಟಗಾರನಿಗೆ ದಿನಾ ಫೋನ್ ಮಾಡೋರು ಯಾರು? ಬ್ಯಾಟಿನ ಸ್ಟಿಕ್ಕರ್, ಜಾಹೀರಾತಿನ ಶೂಟಿಂಗ್, ತೆರಿಗೆ, ಟಿಕೆಟ್ಟು, ಗಾಯವಾದಾಗ ಡಾಕ್ಟರು... ಎಲ್ಲದಕ್ಕೂ ಏಜೆಂಟೇ. ಸೊನ್ನೆಗೆ ಔಟಾದ ರಾತ್ರಿ ಮಾತಾಡೋಕೆ ಸಿಗೋದೂ ಎಷ್ಟೋ ಸಲ ಅವರೇ. ಬ್ಯಾಂಕು, ಕಾಲೇಜು, ಸಾಫ್ಟ್‌ವೇರ್ ಕಂಪನಿಗಳಲ್ಲಿ ಹುಟ್ಟೋ ಪ್ರೀತಿ ಇಲ್ಲಿ ಹುಟ್ಟಬಾರದು ಅನ್ನೋಕೆ ನಾವ್ಯಾರು?

ಆದರೆ ಒಂದು ವ್ಯತ್ಯಾಸ ಇದೆ. ಬ್ಯಾಂಕಿನ ಸಹೋದ್ಯೋಗಿ ನಿಮ್ಮ ಸಂಬಳದಲ್ಲಿ ಪಾಲು ತಗೊಳ್ಳಲ್ಲ. ಏಜೆಂಟ್ ತಗೋತಾರೆ. ಅಮೆರಿಕದ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ ಏಜೆಂಟ್ ಆಟಗಾರನ ಕರಾರಿನಿಂದ ಹೆಚ್ಚೆಂದರೆ ಶೇಕಡಾ 3 ತಗೋಬಹುದು ಅಂತ ಆಟಗಾರರ ಸಂಘವೇ ಗೆರೆ ಎಳೆದಿದೆ. ಬೇಡ ಅನ್ನಿಸಿದರೆ ಲಿಖಿತ ನೋಟಿಸ್ ಕೊಟ್ಟು ಐದೇ ದಿನದಲ್ಲಿ ಏಜೆಂಟನ್ನ ಬಿಡಬಹುದು. ಈ ಐದು ದಿನವೇ ಆಟಗಾರನ ನಿಜವಾದ ರಕ್ಷಣೆ. ಅದೇ ಏಜೆಂಟ್ ರಾತ್ರಿ ಊಟಕ್ಕೆ ಎದುರು ಕೂತಿರೋ ಹೆಂಡತಿಯೋ ಗಂಡನೋ ಆಗಿದ್ರೆ? ನೋಟಿಸ್ ಕೊಡೋದು ಬಿಡಿ, "ಈ ಡೀಲ್ ಯಾಕೋ ಸರಿ ಕಾಣ್ತಿಲ್ಲ" ಅನ್ನೋಕೂ ನಾಲಿಗೆ ಬರಲ್ಲ.

ಮೊಣಕಾಲು ನೋಯ್ತಿದ್ರೆ ಪ್ರೀತಿಸೋರು "ಈ ಸೀಸನ್ ಬಿಡು, ರೆಸ್ಟ್ ತಗೋ" ಅಂತಾರೆ. ಕಮಿಷನ್ ಲೆಕ್ಕ ಹಾಕೋರು "ಇದೊಂದು ಆಡಿಬಿಡು" ಅನ್ನಬಹುದು. ಎರಡನ್ನೂ ಒಂದೇ ಬಾಯಿ ಹೇಳಬೇಕಾದಾಗ ಕೇಳೋನು ಯಾವುದನ್ನ ನಂಬಬೇಕು?

ಇಟಲಿಯಲ್ಲಿ ಏನಾಯ್ತು ನೋಡಿ. ಅರ್ಜೆಂಟೀನಾದ ಮಾವ್ರೊ ಇಕಾರ್ಡಿ ಇಂಟರ್ ಮಿಲಾನ್ ಕ್ಯಾಪ್ಟನ್. 2014ರಲ್ಲಿ ಮದುವೆಯಾದ ಹೆಂಡತಿ ವಾಂಡಾ ನಾರಾನೇ ಆಮೇಲೆ ಅವನ ಏಜೆಂಟ್ ಕೂಡ ಆದಳು. ಒಂದು ಕಡೆ ಕ್ಲಬ್ ಜೊತೆ ಹೊಸ ಕರಾರಿನ ಚೌಕಾಸಿ, ಇನ್ನೊಂದು ಕಡೆ ಟಿವಿಯಲ್ಲಿ ಕೂತು ಅದೇ ತಂಡದ ಬಗ್ಗೆ ಟೀಕೆ. 2019ರ ಫೆಬ್ರವರಿಯಲ್ಲಿ ಇಕಾರ್ಡಿಯ ಕ್ಯಾಪ್ಟನ್ ಪಟ್ಟ ಹೋಯ್ತು. ಏಪ್ರಿಲ್‌ವರೆಗೆ ಅವನು ಇಂಟರ್ ಪರ ಕಣಕ್ಕೇ ಇಳಿಯಲಿಲ್ಲ. ವಾಂಡಾ ಕೆಟ್ಟ ಏಜೆಂಟ್ ಅಂತ ನಾನು ಹೇಳ್ತಿಲ್ಲ. ಆದರೆ ಅವಳ ಮಾತನ್ನ ಹೆಂಡತಿಯ ಸಂಕಟ ಅಂತ ಕೇಳಬೇಕೋ, ಏಜೆಂಟಿನ ಒತ್ತಡ ಅಂತ ಕೇಳಬೇಕೋ ಯಾರಿಗೂ ತಿಳೀಲಿಲ್ಲ. ಪೆಟ್ಟು ಬಿದ್ದಿದ್ದು ಆಡೋನಿಗೆ.

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರಲ್ಲ, ಆ ಗಾದೆ ಈ ಮನೆಗೆ ಹೊಂದಲೇ ಇಲ್ಲ. 2021ರ ಅಕ್ಟೋಬರ್‌ನಲ್ಲಿ ಇವರ ಜಗಳ ಇನ್‌ಸ್ಟಾಗ್ರಾಂ ಮೇಲೆ ಬಂತು. ಆಗ ಪಿಎಸ್‌ಜಿಯಲ್ಲಿದ್ದ ಇಕಾರ್ಡಿ ಲೈಪ್‌ಜಿಗ್ ವಿರುದ್ಧದ ಚಾಂಪಿಯನ್ಸ್ ಲೀಗ್ ಪಂದ್ಯಕ್ಕೆ ತಂಡದಲ್ಲೇ ಇರಲಿಲ್ಲ. 2024ರಲ್ಲಿ ದಾಂಪತ್ಯವೇ ಮುರಿದುಬಿತ್ತು.

ಆದರೂ ಇಕಾರ್ಡಿ, ರೋಹಿತ್ ಇಬ್ಬರೂ ದುಡ್ಡು, ಹೆಸರು ಇದ್ದ ಗಂಡಸರು. ನನಗೆ ನಿಜವಾಗಿ ಭಯ ಆಗೋದು ಉಲ್ಟಾ ಕೇಸುಗಳಲ್ಲಿ. ಟೆನ್ನಿಸ್ ಆಟಗಾರ್ತಿ ಪ್ಯಾಮ್ ಶ್ರೈವರ್ 16ನೇ ವಯಸ್ಸಿಗೇ, 1978ರಲ್ಲಿ, ಯುಎಸ್ ಓಪನ್ ಫೈನಲ್ ಆಡಿದವರು. ತನ್ನ 17ನೇ ವಯಸ್ಸಲ್ಲಿ 50 ವರ್ಷದ ಕೋಚ್ ಜೊತೆ ಸಂಬಂಧ ಶುರುವಾಯ್ತು, ಐದು ವರ್ಷ ನಡೀತು, ಅದು ನನಗೆ ಹಾನಿ ಮಾಡಿತು ಅಂತ ಅವರು ಬಹಿರಂಗವಾಗಿ ಬರೆದಿದ್ದು 2022ರಲ್ಲಿ. ನಾಲ್ಕು ದಶಕ ಬೇಕಾಯ್ತು! ಅವನು ಕೋಚ್, ಏಜೆಂಟ್ ಅಲ್ಲ, ನಿಜ. ಆದರೆ ತನ್ನ ಆಟ ಯಾರ ಕೈಲಿದೆಯೋ ಅವರಿಗೆ ಒಬ್ಬ ಹುಡುಗಿ "ಬೇಡ" ಅನ್ನೋದು ಎಷ್ಟು ಕಷ್ಟ ಅನ್ನೋದು ಎರಡೂ ಕಡೆ ಒಂದೇ. ಏಜೆಂಟ್ ಕೈಲಿ ಚೆಕ್ ಬುಕ್ಕೂ ಇರುತ್ತೆ ಅಷ್ಟೆ.

"ಏಜೆಂಟರು ಮೋಸ ಮಾಡೋ ಕಾಲದಲ್ಲಿ ಮನೆಯವರನ್ನ ಬಿಟ್ಟು ಇನ್ಯಾರನ್ನ ನಂಬೋದು?" ಅಂತ ನೀವು ಕೇಳಬಹುದು. ಒಪ್ಪಿದೆ, ನಂಬಿ. ಮನೆಯವರು ಪ್ರತಿ ಕಾಗದವನ್ನೂ ಓದಲಿ, ಪ್ರಶ್ನೆ ಕೇಳಲಿ. ಆದರೆ ಓದೋರೇ ಪಾಲುದಾರರಾದರೆ ಆಟಗಾರನ ಪರವಾಗಿ ಏಜೆಂಟನ್ನ ಪ್ರಶ್ನೆ ಮಾಡೋರು ಯಾರೂ ಉಳಿಯಲ್ಲ.

ಅದಕ್ಕೇ ನನ್ನದು ಸರಳ ಅಭಿಪ್ರಾಯ. ಪ್ರೀತಿ ಮಾಡಿ, ಮದುವೆನೂ ಆಗಿ. ಆದರೆ ಪ್ರೀತಿ ಅಂತ ಗೊತ್ತಾದ ದಿನ ಫೈಲನ್ನ ಬೇರೆಯವರ ಕೈಗೆ ಕೊಡಿ, ಕಮಿಷನ್ ನಿಲ್ಲಿಸಿ. ಆಡೋರು ಇನ್ನೂ ಎಳೆಯರಾಗಿದ್ದರೆ ಏಜೆಂಟ್ ಆ ದಾರಿಗೇ ಹೋಗಬಾರದು. ಶೇಕಡಾ 3 ಬಿಟ್ಟ ಮೇಲೂ ಪ್ರೀತಿ ಉಳಿದರೆ ಅದು ಪ್ರೀತಿನೇ, ಜೋಕ್ ಹೊಡೆಯೋರು ಹೊಡ್ಕೊಳ್ಳಲಿ :)

ನೀವೇನಂತೀರಿ?